ಸುಳ್ಳು ಓ

ನಮ್ಮೂರಿನಲ್ಲಿ ಕೆಲಸಕ್ಕೆ ಹೋಗುವವರು ಮೊದಲು ಓಗೊಡಬೇಕು. ಬೆಳಿಗ್ಗೆ, ನೂಲಿಗೆ ಬಣ್ಣ ಹಾಕುವ ಬಣ್ಣದ ಮನೆಯ ಮೆಟ್ಟಿಲ ಮೇಲೆ ಕೂಗುವವನು ನಿಲ್ಲುತ್ತಾನೆ. ಪಟ್ಟಿಯಲ್ಲಿರುವ ಹೆಸರುಗಳನ್ನು ಒಂದೊಂದಾಗಿ ಕೂಗುತ್ತಾನೆ. ಆ ಹೆಸರಿನವರು ಕೆಳಗಿನಿಂದ ‘ಓ’ ಅನ್ನುತ್ತಾರೆ. ಓ ಅಂದವರು ಒಳಗೆ, ಅನ್ನದವರು ಹೊರಗೆ. ಮೂರು ಸಲ ಕೂಗಿದರೂ ಓಗೊಡದಿದ್ದರೆ ಆ ದಿನ ಕೆಲಸವಿಲ್ಲ. ಮೂರು ದಿನ ಓಗೊಡದಿದ್ದರೆ ಹೆಸರಿನ ಮೇಲೆ ಗೆರೆ. ಸತ್ತವರಿಗೂ ಇದೇ ನಿಯಮ, ಜ್ವರ ಬಂದು ಮಲಗಿದವರಿಗೂ ಇದೇ ನಿಯಮ.

ಆ ಕೂಗುವವನು ನಾನು. ಮೂವತ್ತೊಂದು ವರ್ಷದಿಂದ ಕೂಗುತ್ತಿದ್ದೇನೆ. ನನ್ನ ಅಪ್ಪ ಅದೇ ಮೆಟ್ಟಿಲ ಮೇಲೆ ನಿಂತು ಕೂಗುತ್ತಿದ್ದ, ಅವನಪ್ಪನೂ ಕೂಗುತ್ತಿದ್ದ. ಊರವರು ನನ್ನನ್ನು ಕೂಗಣ್ಣ ಅನ್ನುತ್ತಾರೆ.

ಬಾಗಿಲಲ್ಲಿ ಯಾವುದೋ ಒಂದು ಹೆಸರು ನಡೆಯುವುದಿಲ್ಲ. ತೊಟ್ಟಿಲಿಗೆ ಹಾಕಿದ ದಿನ ಸೋದರತ್ತೆ ಬಗ್ಗಿ ಮಗುವಿನ ಕಿವಿಯಲ್ಲಿ ಮೂರು ಸಲ ಹೇಳಿದ ಹೆಸರೇ ಆಗಬೇಕು. ಅವಳು ಹಾಗೆ ಬಗ್ಗಿರುವಾಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಗುದ್ದು ಬಿದ್ದರೆ ಹೆಸರು ನಿಂತಿತು ಎಂದು ಲೆಕ್ಕ. ಗುದ್ದು ಬೀಳದ ಹೆಸರು ಹೆಸರಲ್ಲ, ಬರೀ ಸದ್ದು ಎಂದು ನಮ್ಮೂರಲ್ಲೊಂದು ಗಾದೆಯಿದೆ. ಗಾದೆ ಕಟ್ಟುವುದರಲ್ಲಿ ನಮ್ಮೂರು ಯಾವಾಗಲೂ ಮುಂದು. ಮಾಡಬಾರದ್ದನ್ನೆಲ್ಲ ಮಾಡಿ ಮೇಲೊಂದು ಗಾದೆ ಇಡುತ್ತೇವೆ, ಹಳಸಿದ ಸಾರಿಗೆ ತಟ್ಟೆ ಮುಚ್ಚಿಟ್ಟ ಹಾಗೆ.

ಇನ್ನು ಅವಳ ವಿಷಯ. ಊರು ಅವಳನ್ನು ನೀಲಿಯವಳು ಎನ್ನುತ್ತಿತ್ತು. ಬಣ್ಣದ ಮನೆಯಲ್ಲಿ ನೀಲಿ ಹಂಡೆಯ ಮುಂದೆ ನಿಂತು ನೂಲು ಅದ್ದುವ ಕೆಲಸ ಅವಳದು. ಮೊಣಕೈವರೆಗೆ ಕೈ ಸದಾ ನೀಲಿ. ಅವಳು ಅದ್ದಿದ ನೂಲನ್ನು ಹತ್ತು ನೀರಲ್ಲಿ ಜಾಲಿಸಿದರೂ ಬಣ್ಣ ಬಿಡುತ್ತಿರಲಿಲ್ಲ. ಊರಿನ ಧಾರೆಯ ಸೀರೆಗಳೆಲ್ಲ ಅವಳ ನೀಲಿಯವೇ. ಅವಳ ಸ್ವಂತ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಹೇಳಬೇಕಾದ ಕಡೆ ಹೇಳದ ಬಾಯಿ ಇದು. ಇಲ್ಲಿ ಹೇಳುವ ಹಕ್ಕು ಅದಕ್ಕಿಲ್ಲ.

ತೊಟ್ಟಿಲಲ್ಲಿ ಅವಳಿಗೆ ಇಟ್ಟದ್ದು ಗಂಡುಮಗುವಿನ ಹೆಸರು. ಪಟ್ಟಿಯಲ್ಲಿದ್ದದ್ದೂ ಅದೇ. ಅವಳು ಹೆಣ್ಣು ಎಂಬುದು ಅವಳಿಗೆ ಬುದ್ಧಿ ಬಂದಾಗಿನಿಂದ ಗೊತ್ತಿತ್ತು, ನೋಡುವ ಕಣ್ಣಿದ್ದವರಿಗೂ ಗೊತ್ತಿತ್ತು, ಪಟ್ಟಿಗೆ ಮಾತ್ರ ಗೊತ್ತಿರಲಿಲ್ಲ. ಬೆಳಿಗ್ಗೆ ಸೀರೆ ಉಟ್ಟು, ತಲೆ ಬಾಚಿ, ಮೆಟ್ಟಿಲ ಕೆಳಗೆ ಬಂದು ನಿಲ್ಲುತ್ತಿದ್ದಳು. ನಾನು ಆ ಹೆಸರು ಕೂಗುತ್ತಿದ್ದೆ. ಅವಳು ನೆಲ ನೋಡಿಕೊಂಡು ಓ ಅನ್ನುತ್ತಿದ್ದಳು. ಪಕ್ಕದಲ್ಲಿ ನಿಂತ ನಲವತ್ತು ಜನ ನಗುತ್ತಿದ್ದರು. ಹನ್ನೆರಡು ವರ್ಷ ಹೀಗೇ ನಡೆಯಿತು. ಅನ್ನ ಒಂದು ದಿನಕ್ಕೆ ಹಳಸುತ್ತದೆ, ಆ ನಗು ಹನ್ನೆರಡು ವರ್ಷವಾದರೂ ಅವರಿಗೆ ಹಳಸಲಿಲ್ಲ.

ಅವಳಂಥವರು ಊರಲ್ಲಿ ಅವಳೂ ಸೇರಿ ಏಳು ಜನ. ಊರು ಮುಗಿಯುವ ಜಾಗದಲ್ಲಿ ಕೊನೆಯ ಓಣಿ ಅಂತ ಇದೆ, ಅಲ್ಲಿ ಇದ್ದರು. ಏಳು ಜನರೂ ಬಣ್ಣದ ಮನೆಯ ಕೆಲಸದವರೇ. ಅವರಲ್ಲೊಬ್ಬ ನೂಲಿನ ಕಂತೆ ಕಟ್ಟುವ ಹಗ್ಗ ಹೊಸೆಯುವವನು. ತೊಟ್ಟಿಲಲ್ಲಿ ಅವನಿಗೆ ಹೆಣ್ಣುಮಗುವಿನ ಹೆಸರಿಟ್ಟಿದ್ದರು. ಗಡ್ಡ ನೇವರಿಸಿಕೊಳ್ಳುತ್ತ ಅವನು ಆ ಹೆಸರಿಗೆ ಓ ಅನ್ನುವಾಗ ನಗು ಇನ್ನೂ ಜೋರಾಗಿರುತ್ತಿತ್ತು. ನಾನು ನಗುತ್ತಿರಲಿಲ್ಲ. ಕೂಗುವವನು ನಗಬಾರದು ಎಂದು ಅಪ್ಪ ಹೇಳಿಕೊಟ್ಟಿದ್ದ. ಅದನ್ನೇ ನಾನು ಬಹಳ ಕಾಲ ನನ್ನ ಒಳ್ಳೆಯತನ ಅಂದುಕೊಂಡಿದ್ದೆ.

ನನ್ನ ಹೆಂಡತಿಗೆ ನೀಲಿಯವಳ ಸ್ನೇಹ. ಬಾವಿಕಟ್ಟೆಯಲ್ಲಿ ಶುರುವಾದ ಸ್ನೇಹ ಅಡುಗೆಮನೆಯವರೆಗೆ ಬಂದಿತ್ತು. ಹೆಂಡತಿ ಮನೆಯಲ್ಲಿ ಅವಳನ್ನು ಸ್ವಂತ ಹೆಸರಿನಿಂದಲೇ ಹೇಳುತ್ತಿದ್ದಳು. ಅವಳು ಹೀಗಂದಳು, ಅವಳು ಉಪ್ಪಿನಕಾಯಿ ಕೊಟ್ಟಳು, ಅವಳ ಸೋದರತ್ತೆಗೆ ಮಂಡಿನೋವಂತೆ. ಕೇಳಿ ಕೇಳಿ ಆ ಹೆಸರು ನನ್ನ ನಾಲಿಗೆಗೂ ರೂಢಿಯಾಯಿತು. ಒಂದು ಬೆಳಿಗ್ಗೆ ಹೆಂಡತಿ ತಿಂಡಿ ಬಡಿಸುತ್ತ ಆ ಹೆಸರನ್ನು ನಾಲ್ಕೈದು ಸಲ ಹೇಳಿರಬೇಕು. ನಾನು ತಿಂದು, ಬಾಯಿ ತೊಳೆದು, ಮೆಟ್ಟಿಲು ಹತ್ತಿದೆ.

ಆ ದಿನ ಬಣ್ಣದ ಮನೆಯ ಯಜಮಾನರು ಬಾಗಿಲಲ್ಲೇ ನಿಂತಿದ್ದರು. ಪರವೂರಿನ ವ್ಯಾಪಾರಿಯೊಬ್ಬರು ಜೊತೆಗಿದ್ದರು. ನಾನು ಹೆಸರುಗಳನ್ನು ಕೂಗುತ್ತ ಬಂದೆ. ಅವಳ ಸಾಲಿಗೆ ಬಂದಾಗ ಕಣ್ಣು ಪಟ್ಟಿಯ ಹೆಸರನ್ನೇ ನೋಡುತ್ತಿತ್ತು. ಬಾಯಿ ಅವಳ ಹೆಸರನ್ನು ಕೂಗಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ತುಟಿ ಕಚ್ಚಿಕೊಳ್ಳುವ ಮೊದಲೇ ಕೆಳಗಿನಿಂದ ಓ ಬಂತು. ಅಂಥ ಓ ನಾನು ಆ ಮೆಟ್ಟಿಲ ಮೇಲೆ ನಿಂತು ಎಂದೂ ಕೇಳಿರಲಿಲ್ಲ. ತಲೆ ಎತ್ತಿ ಕೊಟ್ಟ ಓ. ಅವಳು ಮೆಟ್ಟಿಲು ಹತ್ತಿ ನನ್ನ ಪಕ್ಕದಿಂದ ಹಾದು ಒಳಗೆ ಹೋದಳು. ನಲವತ್ತು ಜನರಲ್ಲಿ ಒಬ್ಬರಿಗೂ ನಗು ಬರಲಿಲ್ಲ.

ಯಜಮಾನರು ನನ್ನ ಕಡೆ ತಿರುಗಿದರು.

“ಕೂಗಣ್ಣ, ಈಗ ಯಾವ ಹೆಸರು ಕೂಗಿದೆ?”

ಗುದ್ದು ಬೀಳದ ಹೆಸರನ್ನು ಬಾಗಿಲಲ್ಲಿ ಕೂಗಿದವನಿಗೆ ನಮ್ಮೂರಲ್ಲಿ ಶಿಕ್ಷೆಯಿದೆ. ಬಾಯಿ ಕಟ್ಟುವುದು ಅನ್ನುತ್ತಾರೆ. ಊರ ಮುಂದೆ ಕೂರಿಸಿ ಬಿಳಿ ಬಟ್ಟೆಯಿಂದ ಬಾಯಿ ಕಟ್ಟಿ ಮೆಟ್ಟಿಲಿನಿಂದ ಇಳಿಸುತ್ತಾರೆ. ಅವನು ಮತ್ತೆ ಆ ಮೆಟ್ಟಿಲು ಹತ್ತುವ ಹಾಗಿಲ್ಲ, ಅವನ ಮಗನೂ ಹತ್ತುವ ಹಾಗಿಲ್ಲ.

“ಪಟ್ಟೀಲಿ ಇರೋದನ್ನೇ ಕೂಗ್ದೆ, ಯಜಮಾನ್ರೆ,” ಅಂದೆ.

“ನಂಗೆ ಬೇರೆ ಏನೋ ಕೇಳಿಸ್ತಲ್ಲ?”

“ಗಾಳಿ ಇತ್ತು.”

ಯಜಮಾನರು ಕೆಳಗೆ ನಿಂತವರನ್ನು ಕೇಳಿದರು. ಒಬ್ಬನಿಗೆ ಸರಿಯಾಗಿ ಕೇಳಿಸಿರಲಿಲ್ಲ. ಇನ್ನೊಬ್ಬ ಆಗ ಸೀನುತ್ತಿದ್ದನಂತೆ. ಮತ್ತೊಬ್ಬಳಿಗೆ ಹಿಂದಿನ ವಾರದಿಂದ ಕಿವಿ ಕಟ್ಟಿತ್ತಂತೆ. ಬಣ್ಣದ ಮನೆಯ ಕೆಲಸದಿಂದ ಕಿವಿ ಕೆಡುತ್ತದೆ ಎಂದು ನನಗೆ ಗೊತ್ತಾದದ್ದು ಆ ದಿನವೇ. ಕೊನೆಯ ಓಣಿಯ ಆರು ಜನ ಮಾತ್ರ ಕೇಳಿಸಿತು ಎಂದರು. ಅವರ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ.

ಅವಳು ಒಳಗಿನಿಂದ ಬಾಗಿಲಿಗೆ ಬಂದು ನಿಂತಿದ್ದಳು. ಕೈ ಆಗಲೇ ಹಂಡೆಯಲ್ಲಿ ಅದ್ದಿ ತೆಗೆದಿದ್ದಳು, ಬೆರಳಿನಿಂದ ನೀಲಿ ತೊಟ್ಟಿಕ್ಕುತ್ತಿತ್ತು.

“ಅಣ್ಣ, ನೀನು ಕೂಗ್ದಲ್ಲ,” ಅಂದಳು. ಅಷ್ಟೇ ಅಂದದ್ದು.

ನಾನು ಮುಂದಿನ ಹೆಸರು ಕೂಗಿದೆ.

ಊರಿನ ಐದು ಜನ ಹಿರಿಯರು ಆ ಸಂಜೆ ಕಟ್ಟೆಯ ಮೇಲೆ ಕೂತು ತೀರ್ಮಾನ ಹೇಳಿದರು. ಕೂಗದ ಹೆಸರಿಗೆ ಅವಳು ಓಗೊಟ್ಟಿದ್ದಾಳೆ, ಆದ್ದರಿಂದ ಅದು ಸುಳ್ಳು ಓ. ಪಟ್ಟಿಯಲ್ಲಿ ಅವಳ ಸಾಲಿನ ಮುಂದೆ ಆ ಎರಡು ಪದ ಬರೆಯಲು ನನಗೇ ಹೇಳಿದರು. ನನ್ನ ಅಕ್ಷರ ದುಂಡಗಿದೆ ಎಂದು ಊರಲ್ಲಿ ಹೆಸರು. ದುಂಡಗೇ ಬರೆದೆ. ಮರುದಿನದಿಂದ ಅವಳಿಗೆ ಬಾಗಿಲಿಲ್ಲ.

ಮರುದಿನ ಬೆಳಿಗ್ಗೆ ನಾನು ಉಳಿದ ಆರು ಜನರ ತೊಟ್ಟಿಲ ಹೆಸರುಗಳನ್ನು ಕೂಗಿದೆ. ಆರು ಜನರೂ ಕೆಳಗೆ ನಿಂತಿದ್ದರು, ಯಾರೂ ಓ ಅನ್ನಲಿಲ್ಲ. ಎರಡನೆಯ ದಿನವೂ ಅನ್ನಲಿಲ್ಲ. ಮೂರನೆಯ ದಿನ ಹಗ್ಗ ಹೊಸೆಯುವವನು, “ನಮ್ಮನ್ನ ಕೂಗಿದ್ರೆ ಓ ಅಂತೀವಿ. ಯಾರನ್ನೋ ಕೂಗಿದ್ರೆ ನಾವ್ಯಾಕೆ ಅನ್ನಬೇಕು?” ಅಂದ. ನಾನು ಆರು ಹೆಸರಿನ ಮೇಲೆ ಆರು ಗೆರೆ ಎಳೆದೆ.

ನೀಲಿಯವಳ ಸೋದರತ್ತೆ ಆಗ ಇನ್ನೂ ಓಡಾಡುತ್ತಿದ್ದಳು, ಕೋಲು ಹಿಡಿದು. ಎಂಬತ್ತರ ಹತ್ತಿರದ ಮುದುಕಿ. ಕೊನೆಯ ಓಣಿಯವರನ್ನು ಹಿಂದಿಟ್ಟುಕೊಂಡು ಹಿರಿಯರ ಕಟ್ಟೆಗೆ ಬಂದಳು.

“ಕಿವೀಲಿ ಹೇಳ್ದೋಳು ನಾನು,” ಅಂದಳು. “ಮೂರು ಸಲ ಹೇಳ್ದೆ, ಮೂರು ಸಲಾನೂ ತಪ್ಪು ಹೇಳ್ದೆ. ತಪ್ಪು ನಂದು, ಅನುಭವಿಸ್ತಿರೋದು ಮಗು. ಈಗ ಸರಿ ಮಾಡ್ತೀನಿ. ಇನ್ನೊಂದು ಸಲ ಬಗ್ತೀನಿ, ಇನ್ನೊಂದು ಸಲ ಹೇಳ್ತೀನಿ. ಗುದ್ದೋರು ಬನ್ನಿ.”

ಯಾರೂ ಬರಲಿಲ್ಲ. ಹಿರಿಯರಲ್ಲಿ ದೊಡ್ಡವರು ಎಲೆಯಡಿಕೆ ಅಗಿಯುತ್ತಿದ್ದರು. ಉಗುಳಿ ಬಂದು, “ನೋಡವ್ವ, ಹಳೇ ಹೆಸರು ನಿಂತದ್ದು ಗುದ್ದಿನಿಂದ. ಹೊಸದೂ ಹಂಗೇ ನಿಲ್ಲಬೇಕು. ಊರಲ್ಲಿ ನಾನೂರ ಹತ್ತು ಮನೆ ಇದಾವೆ. ಅರ್ಧಕ್ಕಿಂತ ಹೆಚ್ಚು ಮನೆಯೋರು ನಿನ್ನ ಬೆನ್ನಿಗೆ ಗುದ್ದಿದ್ರೆ ನಿಯಮ ಬದಲಾಯ್ಸೋಣ,” ಅಂದರು. ಅಂದವರು ಪಕ್ಕದವರನ್ನು ನೋಡಿ ಕಣ್ಣು ಮಿಟುಕಿಸಿದರು. ಮುದುಕಿ ಹತ್ತು ಮನೆ ದಾಟುವುದಿಲ್ಲ ಎಂದು ಅವರ ಲೆಕ್ಕ.

“ಉಳಿದ ಆರು ಜನಕ್ಕೆ?” ಅಂದಳು ಮುದುಕಿ.

“ಅವರವರ ಸೋದರತ್ತೇರು ಬರಲಿ.”

“ಅವರು ಬರಲ್ಲ. ಬಾಗಿಲು ಹಾಕ್ಕೊಂಡು ಕೂತವ್ರೆ. ಏಳಕ್ಕೂ ನಾನೇ ಸೋದರತ್ತೆ, ಬರ್ಕೊಳ್ಳಿ.”

ಹೀಗೆ ಶುರುವಾಯಿತು. ಒಂದು ಮನೆಗೆ ಹೋಗುವುದು. ಜಗಲಿಯಲ್ಲಿ ಏಳು ಜನ ಸಾಲಾಗಿ ಕೂರುವುದು. ಮುದುಕಿ ಕೋಲನ್ನು ಗೋಡೆಗೆ ಒರಗಿಸಿ ಒಬ್ಬೊಬ್ಬರ ಕಿವಿಗೂ ಬಗ್ಗಿ ಅವರವರ ಸ್ವಂತ ಹೆಸರನ್ನು ಮೂರು ಸಲ ಹೇಳುವುದು. ಬಗ್ಗಿದ ಬೆನ್ನು ತೋರಿಸಿಕೊಂಡು ಕಾಯುವುದು. ಮನೆಯವರು ಏಳು ಜನರಿಗೂ ಗುದ್ದಿದರೆ ಹಗ್ಗ ಹೊಸೆಯುವವನು ತನ್ನ ಹಗ್ಗಕ್ಕೆ ಒಂದು ಗಂಟು ಹಾಕುವುದು. ಗುದ್ದದಿದ್ದರೆ ಎದ್ದು ಮುಂದಿನ ಮನೆಗೆ ಹೋಗುವುದು, ಮುಂದಿನ ತಿಂಗಳು ಮತ್ತೆ ಅದೇ ಮನೆಗೆ ಬರುವುದು.

ನಮ್ಮೂರವರು ಒಳ್ಳೆಯವರು, ಬಾಯಿಬಿಟ್ಟು ಇಲ್ಲ ಅನ್ನುವವರಲ್ಲ. “ನಮ್ಮದೇನೂ ಅಡ್ಡಿಯಿಲ್ಲಮ್ಮ, ಪಕ್ಕದ ಮನೆಯೋರು ಏನಂತಾರೋ,” ಅನ್ನುತ್ತಿದ್ದರು. ಪಕ್ಕದ ಮನೆಗೆ ಹೋದರೆ ಅವರದೂ ಅಡ್ಡಿಯಿಲ್ಲ, ಈ ಮನೆಯವರದೇ ಹೆದರಿಕೆ. ಒಂದು ದಿನ ಮುದುಕಿ ಇಬ್ಬರನ್ನೂ ಬೇಲಿಯ ಹತ್ತಿರ ಕರೆಸಿದಳು. “ಈಗ ಹೇಳಿ, ನಿಮ್ಮಿಬ್ಬರಲ್ಲಿ ಅಡ್ಡಿ ಯಾರದು?” ಇಬ್ಬರೂ ಆಕಾಶ ನೋಡಿದರು. ಮಳೆ ಬರುವ ಹಾಗಿರಲಿಲ್ಲ. ಕೊನೆಗೆ ಇಬ್ಬರೂ ಗುದ್ದಿದರು.

ಎಣ್ಣೆ ಅಂಗಡಿಯವನು ತರ್ಕದವನು. “ಇವತ್ತು ಇವರಿಗೆ ಹೆಸರು ಬದಲಾಯ್ಸಿದ್ರೆ, ನಾಳೆ ನನ್ನ ಎಮ್ಮೆ ಬಂದು ನಂಗೂ ಕೆಲಸಕ್ಕೆ ಕೂಗು ಅಂದ್ರೆ ಏನ್ಮಾಡ್ತೀಯಮ್ಮ?” ಅಂದ.

“ಎಮ್ಮೆ ಕೇಳಿದಾಗ ನೋಡೋಣ ಬಿಡಪ್ಪ,” ಅಂದಳು ಮುದುಕಿ. “ಸದ್ಯಕ್ಕೆ ಅದು ಹೊತ್ತು ಹೊತ್ತಿಗೆ ಹಾಲು ಕೊಡ್ತದೆ. ನಿನ್ನಂಗೆ ಕೂತ್ಕೊಂಡು ಮಾತಾಡಲ್ಲ.” ಅವನ ಹೆಂಡತಿ ಒಳಗಿನಿಂದ ನಗುತ್ತ ಬಂದು ಗುದ್ದಿದಳು.

ಕೆಲವರು ಪ್ರೀತಿಯಿಂದ ಗುದ್ದಿದರು. ತನ್ನ ಧಾರೆಯ ಸೀರೆಯನ್ನು ಎದೆಗವಚಿಕೊಂಡು ಬಂದು, ನೀಲಿಯವಳ ಕೈ ಹಿಡಿದುಕೊಂಡು ಅತ್ತು, ಆಮೇಲೆ ಗುದ್ದಿದವಳೊಬ್ಬಳಿದ್ದಳು. ಕೆಲವರು ಸಿಟ್ಟಿಗೆ ಗುದ್ದಿದರು. ಇಂಥವರಿಗೆ ಗುದ್ದಲು ಅವಕಾಶ ಸಿಕ್ಕಿತಲ್ಲ ಎಂದು ಮುಷ್ಟಿ ಬಿಗಿದು, ಹಲ್ಲು ಕಚ್ಚಿ, ಏಳು ಸಲ ಗುದ್ದಿದರು. ಮುದುಕಿ ಅವರಿಗೂ ಕೈಮುಗಿದಳು. ಗುದ್ದು ಗುದ್ದೇ, ಹಗ್ಗಕ್ಕೆ ಗಂಟು ಬಿತ್ತು. ಮೊದಲ ವರ್ಷ ಅವಳ ಬೆನ್ನು ಊದಿಕೊಂಡಿತು. ಎರಡನೆಯ ವರ್ಷ ಬಗ್ಗಿದ ಬೆನ್ನು ನೆಟ್ಟಗಾಗಲಿಲ್ಲ. ಮೂರನೆಯ ವರ್ಷ ಏಳು ಜನರಲ್ಲಿ ಇಬ್ಬರು ಅವಳನ್ನು ಹೊತ್ತುಕೊಂಡು ಮನೆಯಿಂದ ಮನೆಗೆ ಹೋದರು.

ಆ ಮೂರು ವರ್ಷ ಅವರು ಏನು ತಿಂದರು ಎಂದು ನಾನು ಕೇಳಲಿಲ್ಲ. ನೀಲಿಯವಳು ಹರಿದ ಬಟ್ಟೆಗೆ ತೇಪೆ ಹಾಕಿಕೊಡುತ್ತಿದ್ದಳಂತೆ. ಸಂತೆಯಲ್ಲಿ ಒಂದು ಸಲ ದೂರದಿಂದ ನೋಡಿದೆ. ಕೈಯ ನೀಲಿ ಪೂರ್ತಿ ಹೋಗಿತ್ತು. ಆ ಕೈ ಬೇರೆ ಯಾರದೋ ಅನ್ನಿಸಿತು.

ನಮ್ಮ ಮನೆಗೂ ಬಂದರು. ನಾನು ಅವರು ಬರುವುದನ್ನು ಕಿಟಕಿಯಿಂದ ನೋಡಿ ಒಳಮನೆಗೆ ಹೋಗಿ ಕದದ ಹಿಂದೆ ನಿಂತೆ. ಮುದುಕಿ ಏಳು ಕಿವಿಗೆ ಏಳು ಹೆಸರು ಹೇಳುವುದು ಕೇಳಿಸಿತು. ನನ್ನ ಹೆಂಡತಿ ಗುದ್ದಿದ್ದು ಕೇಳಿಸಲಿಲ್ಲ, ಅಷ್ಟು ಮೆತ್ತಗೆ ಗುದ್ದಿರಬೇಕು. ಆಮೇಲೆ ಎಣ್ಣೆ ಬಿಸಿ ಮಾಡಿ ತಂದು ಮುದುಕಿಯ ಬೆನ್ನಿಗೆ ತಿಕ್ಕಿದಳು.

“ಅಣ್ಣ ಮನೇಲಿ ಇದಾನಾ?” ಎಂದು ನೀಲಿಯವಳು ಕೇಳಿದಳು.

“ಇದಾರೆ,” ಅಂದಳು ನನ್ನ ಹೆಂಡತಿ. “ಕರೆದ್ರೆ ಬರಲ್ಲ.”

ಅವರು ಹೋದ ಮೇಲೆ ಹೆಂಡತಿ ಕದದ ಹತ್ತಿರ ಬಂದಳು. “ನೀವು ಅವತ್ತು ಕೂಗಿದ್ದು ನಿಜ ತಾನೆ?” ಅಂದಳು. ನಾನು ಹೆಗಲ ಮೇಲಿನ ಬಟ್ಟೆ ಕೊಡವಿಕೊಂಡೆ. “ಗೊತ್ತಾಯ್ತು ಬಿಡಿ,” ಅಂದಳು. ಅವತ್ತಿನಿಂದ ನೀಲಿಯವಳ ಹೆಸರನ್ನು ಅವಳು ನನ್ನ ಮುಂದೆ ಹೇಳಲಿಲ್ಲ.

ಮೂರನೆಯ ವರ್ಷದ ಕೊನೆಗೆ ಹಗ್ಗದಲ್ಲಿ ಇನ್ನೂರ ಆರು ಗಂಟು ಬಿದ್ದವು. ನಾನೂರ ಹತ್ತರ ಅರ್ಧಕ್ಕೆ ಒಂದು ಹೆಚ್ಚು. ಹಿರಿಯರು ಹಗ್ಗವನ್ನು ಮೂರು ಸಲ ಎಣಿಸಿದರು. ಮೂರು ಸಲವೂ ಇನ್ನೂರ ಆರು. ಆಗ ಅವರು ಹೊಸ ನಿಯಮ ಬರೆದರು. ಬಾಗಿಲಲ್ಲಿ ಕೆಲಸದವರು ಹೇಳಿದ ಹೆಸರನ್ನೇ ಕೂಗಬೇಕು. ಆ ಹೆಸರು ಕೇಳಿ ನಗಬಾರದು. ಹಳೆಯ ಹೆಸರು ಹಿಡಿದು ಕರೆದವರ ಬಾಯಿ ಕಟ್ಟಬೇಕು. ಹೆಸರಿನ ಕಾರಣಕ್ಕೆ ಯಾರನ್ನೂ ಹಂಡೆಯ ಮುಂದಿನಿಂದ ಎಬ್ಬಿಸಬಾರದು. ಊರಿನ ಎಲ್ಲ ಕೆಲಸದ ಮನೆಗಳಿಗೂ ಇದೇ ನಿಯಮ. ಆ ಏಳು ಜನ ಮೂರು ವರ್ಷದಿಂದ ಕೇಳುತ್ತಿದ್ದದ್ದೆಲ್ಲ ಅದರಲ್ಲಿತ್ತು.

ಕೆಳಗೆ ಇನ್ನೊಂದು ಸಾಲಿತ್ತು. ಸುಳ್ಳು ಓ ಎಂದು ಬರೆಸಿಕೊಂಡವರಿಗೆ ಈ ನಿಯಮ ಸಲ್ಲದು. ನಿಯಮ ಶುರುವಾದ ಮೂರು ಬೆಳಗಿನೊಳಗೆ, ಅದೇ ಬಾಗಿಲಲ್ಲಿ, ಕೂಗಿದವನೇ ಬಾಯಿಬಿಟ್ಟು ತಾನು ಕೂಗಿದ್ದು ಹೌದು ಎಂದರೆ ಆ ಬರಹ ಅಳಿಸಬಹುದು. ಇಲ್ಲದಿದ್ದರೆ ಇಲ್ಲ.

ಇಡೀ ಊರಿನ ಪಟ್ಟಿಯಲ್ಲಿ ಸುಳ್ಳು ಓ ಎಂದು ಬರೆದದ್ದು ಒಂದೇ ಸಾಲಿನ ಮುಂದೆ. ಆ ಸಾಲನ್ನು ಸೇರಿಸಿದ ಹಿರಿಯರಿಗೂ ಅದು ಗೊತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕದವರು ಅವರು. ಹಗ್ಗ ಹೊಸೆಯುವವನು ಹಗ್ಗವನ್ನು ನೆಲಕ್ಕೆ ಬಿಸಾಡಿದ.

“ಈ ಸಾಲು ಇರೋದಾದ್ರೆ ನಮಗೆ ನಿಮ್ಮ ನಿಯಮಾನೇ ಬೇಡ.”

ನೀಲಿಯವಳು ಹಗ್ಗವನ್ನು ಎತ್ತಿ ಅವನ ಹೆಗಲ ಮೇಲೆ ಹಾಕಿದಳು.

“ಅತ್ತೆ ಬೆನ್ನು ನೋಡಿದೀಯಲ್ಲ, ಇನ್ನೊಂದು ಸುತ್ತು ಬಗ್ಗೋಕಾಗುತ್ತಾ? ಆರು ಜನ ಒಳಗೆ ಹೋಗಿ. ಮುಂದೆ ಬರೋರೂ ಹೋಗ್ತಾರೆ. ಒಂದು ಸಾಲು ತಾನೆ. ಅದನ್ನ ಅಳಿಸೋನು ಇದೇ ಊರಲ್ಲಿದಾನೆ.” ಹಾಗೆಂದು ಕಟ್ಟೆಯ ಕೆಳಗೆ ನಿಂತಿದ್ದ ನನ್ನ ಕಡೆ ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ನನಗೆ ಸುಲಭವಾಗುತ್ತಿತ್ತು. ನಂಬಿಕೆಯಿಂದ ನೋಡಿದಳು.

ಹೊಸ ನಿಯಮವನ್ನು ಊರ ಮಧ್ಯೆ ನಿಂತು ಮೂರು ಸಲ ಕೂಗಿದವನೂ ನಾನೇ. ಊರು ಮೂರು ಸಲ ಓ ಅಂದಿತು. ಆ ದಿನ ಮನೆಮನೆಯಲ್ಲೂ ಪಾಯಸ. ಇಂಥ ನಿಯಮ ಸುತ್ತ ಹತ್ತೂರಲ್ಲಿ ಇಲ್ಲ ಎಂದು ಜನ ಹೆಮ್ಮೆಪಟ್ಟರು. ಗುದ್ದದ ಮನೆಯವರೂ ನಾವೂ ಗುದ್ದಿದ್ದೆವು ಅನ್ನತೊಡಗಿದರು. ಹಲ್ಲು ಕಚ್ಚಿ ಗುದ್ದಿದವರು ಮುಷ್ಟಿ ಎತ್ತಿ ತೋರಿಸಿ, ಈ ಕೈಯಿಂದಲೇ ಕಣ್ರಿ ಅಂದರು. ಯಜಮಾನರು ಪರವೂರಿನ ವ್ಯಾಪಾರಿಗಳಿಗೆ ನಿಯಮದ ಹಲಗೆಯನ್ನು ತೋರಿಸಿ, ನಮ್ಮ ಮನೆಯಿಂದಲೇ ಶುರುವಾದದ್ದು ಅಂದರು. ಅದು ಸುಳ್ಳೇನೂ ಅಲ್ಲ. ಮುದುಕಿ ಕೊನೆಯ ಓಣಿಯಲ್ಲಿ ಬೋರಲು ಮಲಗಿದ್ದಳು, ಅಂಗಾತ ಮಲಗಲು ಅವಳಿಗೆ ಆಗುತ್ತಿರಲಿಲ್ಲ. ಪಾಯಸವನ್ನು ಯಾರೋ ಚಮಚದಲ್ಲಿ ಕುಡಿಸಿದರಂತೆ.

ಮೊದಲ ಬೆಳಿಗ್ಗೆ ಏಳು ಜನರೂ ಬಂದರು. ಹಗ್ಗ ಹೊಸೆಯುವವನು ತನ್ನ ಹೆಸರು ಹೇಳಿದ, ನಾನು ಕೂಗಿದೆ, ಅವನು ಓ ಅಂದ. ಆ ಓ ಎರಡು ತುಂಡಾಗಿ ಬಂತು. ಯಾರೂ ನಗಲಿಲ್ಲ, ನಿಯಮವಿತ್ತಲ್ಲ. ಒಬ್ಬೊಬ್ಬರಾಗಿ ಆರು ಜನ ಮೆಟ್ಟಿಲು ಹತ್ತಿದರು. ಅವಳು ಕೆಳಗೇ ನಿಂತಿದ್ದಳು, ತಲೆ ಬಾಚಿ, ಹೂ ಮುಡಿದು. ‘ಹೌದು, ನಾನು ಕೂಗಿದ್ದೆ’ ಅನ್ನಬೇಕಿತ್ತು. ಮೂರೇ ಪದ. ನಾನು ಪಟ್ಟಿ ಮಡಿಸಿದೆ.

ಕೂಗುವವನು ಬಾಗಿಲಲ್ಲಿ ಸುಳ್ಳು ಹೇಳಿದ್ದರೆ ಅವನಿಗೂ ಬಾಯಿ ಕಟ್ಟುವ ಶಿಕ್ಷೆಯೇ. ಹೊಟ್ಟೆಪಾಡಿಗೆ ಹೆದರಿದೆ ಎಂದು ನಾನು ಹೆಂಡತಿಗೆ ಹೇಳಿದೆ. ಅದು ಪೂರ್ತಿ ನಿಜವಲ್ಲ. ಇನ್ನೆರಡು ವರ್ಷಕ್ಕೆ ಹೇಗೂ ಮೆಟ್ಟಿಲು ಇಳಿಯುವವನು ನಾನು, ಮಗನಿಗೆ ಈ ಕೆಲಸ ಬೇಡವಾಗಿ ಬಹಳ ಕಾಲವಾಗಿತ್ತು. ನನಗೆ ಬೇಕಿದ್ದದ್ದು ಒಳ್ಳೆಯವನು ಎಂಬ ಹೆಸರು. ಮೂರು ವರ್ಷ ಒಬ್ಬಳ ಅನ್ನ ಕಿತ್ತುಕೊಂಡು ಕೂತವನು ಇವನೇ ಎಂದು ಆ ನಲವತ್ತು ಜನ ನೋಡುತ್ತಾರಲ್ಲ, ಆ ನೋಟಕ್ಕೆ ಹೆದರಿದೆ. ಅವರಿಗೆಲ್ಲ ಇದು ಮೊದಲಿನಿಂದ ಗೊತ್ತಿತ್ತು ಎಂಬುದು ಇನ್ನೂ ತಮಾಷೆ.

ಎರಡನೆಯ ಬೆಳಿಗ್ಗೆ ಎಲ್ಲರೂ ಒಳಗೆ ಹೋದ ಮೇಲೆ ಅವಳು ಮೆಟ್ಟಿಲ ಹತ್ತಿರ ಬಂದಳು.

“ಕೂಗಣ್ಣ, ನಾನೇನೂ ಹೊಸದು ಕೇಳ್ತಿಲ್ಲ. ಆದದ್ದನ್ನ ಹೌದು ಅಂದ್ರೆ ಸಾಕು. ನಿನ್ನ ಬಾಯಿ ಕಟ್ಟೋಕೆ ಬಂದ್ರೆ ನಾನೇ ಅಡ್ಡ ನಿಲ್ತೀನಿ. ನಮ್ಮತ್ತೆ ಅಂಥ ಬೆನ್ನು ಇಟ್ಕೊಂಡೇ ಮತ್ತೆ ಮನೆಮನೆಗೂ ಹೋಗ್ತಾಳೆ, ನಿನಗೋಸ್ಕರ.”

ಅವಳು ಹೇಳಿದ್ದನ್ನು ಅವಳು ಮಾಡುತ್ತಿದ್ದಳು. ಅದರಲ್ಲಿ ನನಗೆ ಅನುಮಾನವಿಲ್ಲ.

“ಹೊತ್ತಾಯ್ತು,” ಅಂದೆ.

ಮೂರನೆಯ ಬೆಳಿಗ್ಗೆ ಆರು ಜನ ಓ ಅಂದರೂ ಮೆಟ್ಟಿಲು ಹತ್ತಲಿಲ್ಲ. ಅವಳ ಹಿಂದೆ ನಿಂತರು. ಅವಳೇ ತಿರುಗಿ, “ಹೋಗಿ, ಹಂಡೆ ಆರ್ತಾವೆ. ಇಷ್ಟು ಕಷ್ಟಪಟ್ಟು ತಗೊಂಡ ಬಾಗ್ಲು ಇದು,” ಎಂದು ಬೈದು ಕಳಿಸಿದಳು. ಅವರು ಒಳಗೆ ಹೋಗಿ ಕೆಲಸಕ್ಕೆ ಕೈ ಹಾಕದೆ ನಿಂತರು. ಯಜಮಾನರು ಬಾಗಿಲ ಒಳಗೆ ಕೈಕಟ್ಟಿ ನಿಂತಿದ್ದರು. ಅವಳೊಬ್ಬಳೇ ಕೆಳಗೆ. ಆ ಬೆಳಿಗ್ಗೆ ಗಾಳಿಯೇನೂ ಇರಲಿಲ್ಲ.

ನಾನು ಬಾಯಿ ತೆರೆದೆ. ತೆರೆದದ್ದು ನಿಜ. ಒಳಗೆ ಎಲ್ಲರೂ ನನ್ನ ಬೆನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಮತ್ತೆ ಮುಚ್ಚಿದೆ.

ಆಗ ಅವಳು ಕೂಗಿದಳು. ಕೂಗಣ್ಣ ಎಂದಲ್ಲ. ನನ್ನ ಹೆಸರು ಹಿಡಿದು ಕೂಗಿದಳು, ನನ್ನ ಸೋದರತ್ತೆ ನನ್ನ ಕಿವಿಯಲ್ಲಿ ಹೇಳಿದ ಹೆಸರು. ಅಮ್ಮ ಹೋದ ಮೇಲೆ ಆ ಹೆಸರಿನಿಂದ ನನ್ನನ್ನು ಯಾರೂ ಕರೆದಿರಲಿಲ್ಲ. ಊರಿಗೆ ಅದು ಮರೆತೇ ಹೋಗಿತ್ತು. ನನ್ನ ಹೆಂಡತಿಯಿಂದ ತಿಳಿದುಕೊಂಡಿರಬೇಕು. ಬಾಗಿಲಲ್ಲಿ ನಾನು ಕೂಗುವ ಹಾಗೆಯೇ, ಕೊನೆಯ ಅಕ್ಷರವನ್ನು ಎಳೆದು, ಸ್ಪಷ್ಟವಾಗಿ ಕೂಗಿದಳು.

ನಮ್ಮೂರಲ್ಲಿ ಓ ಅಂದರೆ ಇಲ್ಲೇ ಇದ್ದೇನೆ, ಏನು ಹೇಳು ಎಂದರ್ಥ. ಓ ಅಂದವನು ಆಮೇಲೆ ಮಾತಿಗೆ ತಪ್ಪಿಸಿಕೊಳ್ಳುವ ಹಾಗಿಲ್ಲ.

ಎರಡನೆಯ ಸಲ ಕೂಗಿದಳು. ಒಳಗೆ ನೂಲು ಹಿಂಡುವ ಸದ್ದು ಕೂಡ ನಿಂತಿತ್ತು. ಆ ದಿನ ಯಾರ ಕಿವಿಯೂ ಕೆಟ್ಟಿರಲಿಲ್ಲ.

ಮೂರನೆಯ ಸಲ ಕೂಗಿ ಕಾದಳು. ನ್ಯಾಯವಾಗಿ ಕಾದಳು, ನಾನು ಮೂರನೆಯ ಸಲ ಕೂಗಿ ಎಷ್ಟು ಹೊತ್ತು ಕಾಯುತ್ತೇನೋ ಅಷ್ಟೇ ಹೊತ್ತು. ನಾನು ನಿಂತೇ ಇದ್ದೆ, ನನ್ನ ಹೆಸರು ನನಗೆ ಚೆನ್ನಾಗಿ ಕೇಳಿಸಿತ್ತು.

ಆಮೇಲೆ ಅವಳು ತಿರುಗಿ ಕೊನೆಯ ಓಣಿಯ ಕಡೆ ಹೊರಟಳು. ಬಾಗಿಲು ಮುಚ್ಚುವ ಹೊತ್ತಾಗಿತ್ತು, ಮುಚ್ಚಿದೆ.